ಎಲುಬಿನ ಸಾಕ್ಷ್ಯವನ್ನು ಓದಿದ ವೈದ್ಯ: ಡಾ. ಜಾನ್ ಕ್ಯಾಫಿ

ಮಾತು ಬಾರದ ಕೂಸಿನ ನೋವನ್ನು ವೈದ್ಯರಿಗೆ ತಿಳಿಸುವವರು ಯಾರು? ತಾಯಿ, ತಂದೆ, ಇಲ್ಲವೇ ಕೂಸನ್ನು ನೋಡಿಕೊಳ್ಳುವವರು. ಅವರು ಹೇಳಿದ್ದೇ ಕಾಯಿಲೆಯ ಚರಿತ್ರೆ. ಅವರು ಹೇಳದೆ ಉಳಿಸಿದ್ದನ್ನು ತಿಳಿಯಲು ವೈದ್ಯಶಾಸ್ತ್ರಕ್ಕೆ ಬಹುಕಾಲ ದಾರಿಯೇ ಇರಲಿಲ್ಲ. ಆ ದಾರಿ ತೆರೆದುಕೊಂಡದ್ದು ಕ್ಷ-ಕಿರಣ ಚಿತ್ರದ ಕಪ್ಪು ಬಿಳುಪಿನಲ್ಲಿ. ಆ ಚಿತ್ರವನ್ನು ಮಗುವಿನ ದೃಷ್ಟಿಯಿಂದ ಓದುವ ಕ್ರಮವನ್ನು ಕಲಿಸಿದವರು ಅಮೆರಿಕದ ವೈದ್ಯ ಡಾ. ಜಾನ್ ಪ್ಯಾಟ್ರಿಕ್ ಕ್ಯಾಫಿ. ಮಕ್ಕಳ ಕ್ಷ-ಕಿರಣ ಶಾಸ್ತ್ರದ ಪಿತಾಮಹರೆಂದು ವೈದ್ಯಲೋಕ ಅವರನ್ನು ಇಂದಿಗೂ ಸ್ಮರಿಸುತ್ತದೆ.

ಕ್ಯಾಫಿ ಜನಿಸಿದ್ದು 1895ರ ಮಾರ್ಚ್ 30ರಂದು. ಅದೇ ವರ್ಷದ ನವೆಂಬರ್‌ನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಮಗುವಿಗೂ ಕಿರಣಕ್ಕೂ ಒಂದೇ ವಯಸ್ಸು. ಇವೆರಡರ ದಾರಿ ಕೂಡಲು ಮಾತ್ರ ಮೂವತ್ತನಾಲ್ಕು ವರ್ಷ ಹಿಡಿಯಿತು.

ಗಣಿಯ ಊರಿನಿಂದ ನ್ಯೂಯಾರ್ಕ್‌ಗೆ

ಅಮೆರಿಕದ ಪಶ್ಚಿಮ ಭಾಗದ ಯೂಟಾ ರಾಜ್ಯದಲ್ಲಿ ಕಡಿದಾದ ಬೆಟ್ಟಗಳ ನಡುವಿನ ಕ್ಯಾಸಲ್ ಗೇಟ್ ಎಂಬ ಕಲ್ಲಿದ್ದಲು ಗಣಿಯ ಊರು ಕ್ಯಾಫಿ ಅವರ ಜನ್ಮಸ್ಥಳ. ಅಲ್ಲಿಂದ ಹೊರಟ ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1919ರಲ್ಲಿ ಪದವಿ ಪಡೆದರು. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಪೂರ್ವ ಯೂರೋಪ್ ಹಸಿವಿನಿಂದಲೂ ಸಾಂಕ್ರಾಮಿಕ ರೋಗಗಳಿಂದಲೂ ತತ್ತರಿಸುತ್ತಿತ್ತು. ಯುವ ವೈದ್ಯ ಕ್ಯಾಫಿ ಅಮೆರಿಕದ ರೆಡ್‌ಕ್ರಾಸ್ ಮತ್ತು ಪರಿಹಾರ ಸಂಸ್ಥೆಗಳ ಪರವಾಗಿ ಸರ್ಬಿಯಾ, ಪೋಲೆಂಡ್ ಹಾಗೂ ರಷ್ಯಾಗಳಲ್ಲಿ ಕೆಲವು ವರ್ಷ ದುಡಿದರು. ಯುದ್ಧ ಮಾಡದವರೂ ಯುದ್ಧದ ಬೆಲೆ ತೆರುತ್ತಾರೆ ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು.

ತಾಯ್ನಾಡಿಗೆ ಮರಳಿದ ಮೇಲೆ ಮಕ್ಕಳ ವೈದ್ಯಕೀಯದಲ್ಲಿ ತರಬೇತಿ ಪಡೆದು ನ್ಯೂಯಾರ್ಕ್ ನಗರದಲ್ಲಿ ನೆಲೆಸಿದರು. ಖಾಸಗಿಯಾಗಿ ಮಕ್ಕಳ ಚಿಕಿತ್ಸೆ ನಡೆಸುತ್ತಲೇ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಬೇಬೀಸ್ ಆಸ್ಪತ್ರೆಯಲ್ಲೂ ಕೆಲಸ ಮಾಡುತ್ತಿದ್ದರು. ಅಲ್ಲಿ ತೆಗೆಯುತ್ತಿದ್ದ ಎಕ್ಸ್-ರೇಗಳೂ ಅವುಗಳಿಗೆ ನೀಡುತ್ತಿದ್ದ ವಿವರಣೆಯೂ ಅವರಿಗೆ ಸಮಾಧಾನ ತರಲಿಲ್ಲ. ವಯಸ್ಕರ ಎಲುಬು, ಶ್ವಾಸಕೋಶಗಳನ್ನು ನೋಡಿ ಪಳಗಿದ ಕಣ್ಣುಗಳು ಅದೇ ಅಳತೆಗೋಲಿನಿಂದ ಮೂರು ತಿಂಗಳ ಮಗುವನ್ನೂ ಅಳೆಯುತ್ತಿದ್ದವು. ಕ್ಯಾಫಿ ತಮ್ಮ ಅಸಮಾಧಾನವನ್ನು ಮುಚ್ಚಿಡುವ ಸ್ವಭಾವದವರಲ್ಲ. ದೂರು ಹೇಳುವುದಕ್ಕಿಂತ ಆ ವಿಭಾಗವನ್ನು ತಾವೇ ವಹಿಸಿಕೊಳ್ಳಬಹುದಲ್ಲವೇ ಎಂಬ ಸವಾಲು ಆಸ್ಪತ್ರೆಯ ಹಿರಿಯರಿಂದ ಬಂದಿತು. 1929ರಲ್ಲಿ ಅವರು ಅದನ್ನು ಒಪ್ಪಿಕೊಂಡರು.

ಕ್ಷ-ಕಿರಣ ಶಾಸ್ತ್ರದಲ್ಲಿ ಅವರಿಗೆ ವಿಧಿವತ್ತಾದ ಶಿಕ್ಷಣವಿರಲಿಲ್ಲ. ಕೊಲಂಬಿಯಾದ ಕ್ಷ-ಕಿರಣ ವಿಭಾಗದ ಮುಖ್ಯಸ್ಥರಾಗಿದ್ದ ರಾಸ್ ಗೋಲ್ಡನ್ ಅವರ ಮಾರ್ಗದರ್ಶನ ದೊರೆಯಿತು. ಉಳಿದದ್ದನ್ನೆಲ್ಲ ಅವರು ಕಲಿತದ್ದು ಮಕ್ಕಳಿಂದಲೇ. ಈ ಕೊರತೆಯೇ ಮುಂದೆ ಅವರ ಬಲವಾಯಿತು. ಅವರು ಚಿತ್ರವನ್ನು ಚಿತ್ರವಾಗಿ ಮಾತ್ರ ನೋಡಲಿಲ್ಲ. ಅದರ ಹಿಂದೆ ಹಾಸಿಗೆಯಲ್ಲಿ ಅಳುತ್ತಿರುವ ಮಗುವನ್ನೂ ಕಂಡರು.

ಸಹಜ ಯಾವುದೆಂದು ತಿಳಿಯುವ ಹಟ

ಮಗುವೆಂದರೆ ಪುಟ್ಟ ಗಾತ್ರದ ವಯಸ್ಕನಲ್ಲ. ಅದರ ಎಲುಬಿನ ತುದಿಗಳು ಇನ್ನೂ ಮೃದ್ವಸ್ಥಿ. ತಿಂಗಳು ತಿಂಗಳಿಗೂ ಹೊಸ ಬಿಂದುಗಳಲ್ಲಿ ಮೂಳೆ ಗಟ್ಟಿಗೊಳ್ಳುತ್ತ ಹೋಗುತ್ತದೆ. ಆರು ತಿಂಗಳಲ್ಲಿ ಸಹಜವಾದ ನೆರಳು ಆರು ವರ್ಷದಲ್ಲಿ ರೋಗದ ಗುರುತಾಗಬಹುದು. ಆದ್ದರಿಂದ ರೋಗವನ್ನು ಗುರುತಿಸುವ ಮೊದಲು ಆರೋಗ್ಯದ ಎಲ್ಲ ರೂಪಗಳನ್ನೂ ಅರಿತಿರಬೇಕು. ಕ್ಯಾಫಿ ಅವರ ಸಮಸ್ತ ಸಾಧನೆಯ ತಳಹದಿ ಈ ಒಂದು ತಿಳಿವಳಿಕೆ.

ಅದರ ಮಹತ್ವವನ್ನು ತೋರಿಸಲು ಥೈಮಸ್ ಗ್ರಂಥಿಯ ಪ್ರಕರಣವೊಂದೇ ಸಾಕು. ಎದೆಗೂಡಿನ ಮೇಲ್ಭಾಗದಲ್ಲಿರುವ ಈ ಗ್ರಂಥಿ ಶೈಶವದಲ್ಲಿ ದೊಡ್ಡದಾಗಿದ್ದು ಬೆಳೆದಂತೆ ಕುಗ್ಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ವೈದ್ಯರಲ್ಲಿ ಒಂದು ನಂಬಿಕೆ ಬೇರೂರಿತ್ತು. ಶಿಶುಗಳು ತೊಟ್ಟಿಲಲ್ಲಿ ಹಠಾತ್ತನೆ ಸಾಯುವುದಕ್ಕೆ ಉಬ್ಬಿದ ಥೈಮಸ್ ಕಾರಣ, ಅದು ಉಸಿರಿನ ನಾಳವನ್ನು ಒತ್ತಿಬಿಡುತ್ತದೆ ಎಂಬುದೇ ಆ ನಂಬಿಕೆ. ಎಕ್ಸ್-ರೇ ಬಂದ ಮೇಲೆ ಶಿಶುಗಳ ಎದೆಯಲ್ಲಿ ಅಗಲವಾದ ನೆರಳು ಕಾಣಿಸಿತು, ಭಯ ದೃಢವಾಯಿತು. ಗ್ರಂಥಿಯನ್ನು ಕುಗ್ಗಿಸಲು 1907ರಿಂದಾಚೆಗೆ ಮಕ್ಕಳಿಗೆ ವಿಕಿರಣ ಚಿಕಿತ್ಸೆ ನೀಡುವ ಪದ್ಧತಿ ಆರಂಭವಾಯಿತು. ಯಾವ ಕಾಯಿಲೆಯೂ ಇಲ್ಲದ ಸಾವಿರಾರು ಕೂಸುಗಳ ಕುತ್ತಿಗೆ, ಎದೆಗಳ ಮೇಲೆ ಕಿರಣ ಹಾಯಿಸಲಾಯಿತು.

ನೂರಾರು ಆರೋಗ್ಯವಂತ ಶಿಶುಗಳ ಚಿತ್ರಗಳನ್ನು ನೋಡಿದ್ದ ಕ್ಯಾಫಿ ಅವರಿಗೆ ಆ ಅಗಲವಾದ ನೆರಳು ರೋಗವಲ್ಲ, ಶೈಶವದ ಸಹಜ ಲಕ್ಷಣ ಎಂಬುದು ಸ್ಪಷ್ಟವಾಗಿತ್ತು. ಮಗು ಅತ್ತಾಗ, ಉಸಿರು ಬಿಟ್ಟಾಗ ನೆರಳು ಹಿಗ್ಗುತ್ತದೆ; ಉಸಿರೆಳೆದಾಗ ಕುಗ್ಗುತ್ತದೆ. ದೊಡ್ಡ ಥೈಮಸ್‌ಗೂ ಹಠಾತ್ ಮರಣಕ್ಕೂ ಸಂಬಂಧವಿಲ್ಲ, ಅದಕ್ಕೆ ವಿಕಿರಣ ನೀಡುವುದು ಯಾವ ವಯಸ್ಸಿನಲ್ಲೂ ವಿವೇಕದ ಕ್ರಮವಲ್ಲ ಎಂದು ಅವರು 1945ರಲ್ಲಿ ತಮ್ಮ ಗ್ರಂಥದಲ್ಲಿ ಖಚಿತವಾಗಿ ಬರೆದರು. ಐದು ವರ್ಷಗಳ ನಂತರ, 1950ರಲ್ಲಿ, ಥೈರಾಯ್ಡ್ ಕ್ಯಾನ್ಸರ್‌ಗೆ ತುತ್ತಾದ 28 ಮಕ್ಕಳ ಹಾಗೂ ಹದಿಹರೆಯದವರ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ ಹಲವರು ಶೈಶವದಲ್ಲಿ ಥೈಮಸ್‌ಗಾಗಿ ವಿಕಿರಣ ಪಡೆದವರಾಗಿದ್ದರು! ಇಲ್ಲದ ರೋಗಕ್ಕೆ ಕೊಟ್ಟ ಚಿಕಿತ್ಸೆ ನಿಜವಾದ ರೋಗವನ್ನು ತಂದಿತ್ತು.

ಮಕ್ಕಳ ಎಕ್ಸ್-ರೇ ರೋಗನಿರ್ಣಯವನ್ನು ಕುರಿತ ಆ ಗ್ರಂಥ 1945ರಲ್ಲಿ ಪ್ರಕಟವಾದೊಡನೆ ಆ ಕ್ಷೇತ್ರದ ಆಧಾರ ಗ್ರಂಥವಾಯಿತು. ಪರಿಷ್ಕರಣೆಗಳನ್ನು ಕಾಣುತ್ತ, ಅನೇಕ ಲೇಖಕರ ಕೈದಾಟಿ, ಅದು ಕ್ಯಾಫಿ ಅವರ ಹೆಸರನ್ನೇ ಹೊತ್ತು 21ನೇ ಶತಮಾನದಲ್ಲೂ ಮುದ್ರಣಗೊಂಡಿದೆ.

ಎಲುಬಿನಲ್ಲಿ ಬರೆದ ಕಾಯಿಲೆಗಳು

ಬೆಳೆಯುವ ಎಲುಬು ಒಂದು ದಿನಚರಿಯಿದ್ದಂತೆ. ಮಗುವಿನ ದೇಹಕ್ಕೆ ಆದದ್ದೆಲ್ಲ ಅದರ ತುದಿಗಳಲ್ಲಿ ದಾಖಲಾಗುತ್ತದೆ. ತೊಟ್ಟಿಲ ಬಣ್ಣವನ್ನು ಕಚ್ಚಿ ತಿಂದ ಮಕ್ಕಳ ಮೈಗೆ ಸೀಸ ಸೇರಿದಾಗ ಎಲುಬಿನ ತುದಿಯಲ್ಲಿ ದಟ್ಟ ಬಿಳಿಯ ಪಟ್ಟಿ ಮೂಡುವುದನ್ನು ಕ್ಯಾಫಿ 1931ರಲ್ಲಿಯೇ ವಿವರಿಸಿದ್ದರು. ತೀವ್ರ ರಕ್ತಹೀನತೆಯ ವಂಶವಾಹಿ ರೋಗಗಳಲ್ಲಿ ಎಲುಬು ತಾಳುವ ರೂಪಗಳನ್ನೂ ಗುರುತಿಸಿದರು.

1945ರಲ್ಲಿ ತಮ್ಮ ಶಿಷ್ಯ ಫ್ರೆಡರಿಕ್ ಸಿಲ್ವರ್‌ಮನ್ ಅವರೊಂದಿಗೆ ಶಿಶುಗಳ ಒಂದು ವಿಚಿತ್ರ ಕಾಯಿಲೆಯನ್ನು ವರದಿ ಮಾಡಿದರು. ಆರು ತಿಂಗಳೊಳಗಿನ ಕೂಸಿಗೆ ಜ್ವರ, ವಿಪರೀತ ಕಿರಿಕಿರಿ, ದವಡೆಯ ಊತ. ಚಿತ್ರದಲ್ಲಿ ನೋಡಿದರೆ ಎಲುಬಿನ ಮೇಲೆ ಹೊಸ ಮೂಳೆಯ ದಪ್ಪ ಪದರ. ಬಹುಪಾಲು ಮಕ್ಕಳಲ್ಲಿ ಯಾವ ಔಷಧವೂ ಇಲ್ಲದೆ ತಿಂಗಳುಗಳಲ್ಲಿ ಅದು ತಾನಾಗಿ ಕರಗುತ್ತಿತ್ತು. ಇಂದು ಕ್ಯಾಫಿ ಕಾಯಿಲೆ ಎಂದೇ ಕರೆಯಲಾಗುವ ಇದರ ಹಿಂದಿನ ವಂಶವಾಹಿಯ ದೋಷ ಪತ್ತೆಯಾದದ್ದು 2005ರಲ್ಲಿ.

ಮಕ್ಕಳ ಮೇಲಿನ ಪ್ರೀತಿಯೇ ಕೆಲವೊಮ್ಮೆ ವಿಷವಾಗುತ್ತದೆ ಎಂಬುದಕ್ಕೂ ಅವರು ಸಾಕ್ಷ್ಯ ಒದಗಿಸಿದರು. ವಿಟಮಿನ್ ‘ಎ’ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂದು ನಂಬಿದ್ದ ಮನೆಗಳ ಏಳು ಮಕ್ಕಳಲ್ಲಿ ಕೈಕಾಲುಗಳ ಮೂಳೆಗಳು ನೋವಿನಿಂದ ಊದಿಕೊಂಡಿದ್ದನ್ನು 1950ರಲ್ಲಿ ಅವರು ವರ್ಣಿಸಿದರು. ವಿಟಮಿನ್ ನಿಲ್ಲಿಸುವುದೇ ಅದಕ್ಕೆ ಮದ್ದಾಗಿತ್ತು.

ಆರು ಮಕ್ಕಳು, ಇಪ್ಪತ್ತಮೂರು ಮುರಿತಗಳು

ಕ್ಯಾಫಿ ಅವರ ಹೆಸರನ್ನು ವೈದ್ಯಶಾಸ್ತ್ರದ ಗಡಿಯಾಚೆಗೂ ಒಯ್ದದ್ದು 1946ರ ಒಂದು ಲೇಖನ. ಅಮೆರಿಕದ ಕ್ಷ-ಕಿರಣ ತಜ್ಞರ ನಿಯತಕಾಲಿಕದಲ್ಲಿ ಅದು ಅಚ್ಚಾಯಿತು. ಅದರಲ್ಲಿದ್ದವರು ಆರು ಶಿಶುಗಳು. ಎಲ್ಲರಿಗೂ ತಲೆಬುರುಡೆಯೊಳಗೆ, ಮೆದುಳಿನ ಹೊದಿಕೆಯ ಕೆಳಗೆ ರಕ್ತ ಶೇಖರವಾಗಿತ್ತು. ಅದೇ ಮಕ್ಕಳ ಕೈಕಾಲುಗಳ ಉದ್ದ ಎಲುಬುಗಳಲ್ಲಿ ಒಟ್ಟು 23 ಮುರಿತಗಳು ಮತ್ತು 4 ಜಜ್ಜುಗಾಯಗಳು ಕಂಡುಬಂದವು. ಬಿದ್ದದ್ದನ್ನು, ಪೆಟ್ಟಾದದ್ದನ್ನು ಯಾವ ಮನೆಯವರೂ ಹೇಳಿರಲಿಲ್ಲ.

ಎಲುಬು ತಾನಾಗಿ ಮುರಿಯುವಂಥ ರೋಗವೇನಾದರೂ ಇದೆಯೇ ಎಂದು ಕ್ಯಾಫಿ ಹುಡುಕಿದರು. ರಿಕೆಟ್ಸ್, ಸ್ಕರ್ವಿ, ಸಿಫಿಲಿಸ್‌ಗಳಂಥ ಕಾಯಿಲೆಗಳ ಗುರುತು ಸಿಗಲಿಲ್ಲ. ಫಿಟ್ಸ್ ಬಂದಾಗ ಮುರಿದಿರಬಹುದೇ ಎಂಬ ಪ್ರಶ್ನೆಯನ್ನೂ ಪರಿಶೀಲಿಸಿ ಬದಿಗಿಟ್ಟರು. ಇನ್ನೊಂದು ಸಂಗತಿ ಅವರ ಗಮನ ಸೆಳೆಯಿತು. ಆಸ್ಪತ್ರೆಯಿಂದ ಮನೆಗೆ ಹೋಗಿ ಮರಳಿ ಬಂದ ಮಗುವಿನಲ್ಲಿ ಹೊಸ ಮುರಿತಗಳು ಕಾಣಿಸಿದ್ದವು. ಉಳಿದದ್ದು ಒಂದೇ ಉತ್ತರ: ಪೆಟ್ಟು.

ಆದರೆ ಪೆಟ್ಟು ಕೊಟ್ಟವರು ಯಾರು? ಇಲ್ಲಿ ಕ್ಯಾಫಿ ಅತ್ಯಂತ ಎಚ್ಚರಿಕೆಯಿಂದ ಹೆಜ್ಜೆಯಿಟ್ಟರು. ಒಂದು ಮಗು ತಂದೆತಾಯಿಗೆ ಬೇಡವಾಗಿತ್ತೆಂಬುದನ್ನೂ, ಉದ್ದೇಶಪೂರ್ವಕ ಹಿಂಸೆಯ ಪ್ರಶ್ನೆ ಅದರಿಂದ ಏಳುತ್ತದೆಂಬುದನ್ನೂ ಬರೆದರು. ಅದನ್ನು ಸಾಬೀತುಪಡಿಸಲಾಗಲಿ ಅಲ್ಲಗಳೆಯಲಾಗಲಿ ಸಾಕಷ್ಟು ಆಧಾರವಿಲ್ಲವೆಂದೂ ಸೇರಿಸಿದರು. ವೈದ್ಯರಿಗೆ ಅವರು ಕೊಟ್ಟ ಸಲಹೆ ಇಷ್ಟೇ: ಕಾರಣ ತಿಳಿಯದ ಮುರಿತವಿರುವ ಶಿಶುವಿನ ತಲೆಯನ್ನು ಪರೀಕ್ಷಿಸಿ, ತಲೆಯೊಳಗೆ ರಕ್ತ ಶೇಖರವಾದ ಶಿಶುವಿನ ಎಲುಬುಗಳನ್ನು ಪರೀಕ್ಷಿಸಿ.

ಈ ಎಚ್ಚರಿಕೆಯನ್ನು ಅಳುಕು ಎನ್ನಬೇಕೇ, ವಿವೇಕ ಎನ್ನಬೇಕೇ? ಅಂದಿನ ಸಮಾಜವನ್ನು ನೆನೆದರೆ ಉತ್ತರ ಸುಲಭವಲ್ಲ. ಹೆತ್ತವರೇ ಹಸುಗೂಸಿನ ಎಲುಬು ಮುರಿಯಬಲ್ಲರು ಎಂಬ ಮಾತನ್ನು ಕೇಳಲು ಯಾರೂ ಸಿದ್ಧರಿರಲಿಲ್ಲ. 1860ರಲ್ಲಿಯೇ ಫ್ರಾನ್ಸಿನ ನ್ಯಾಯವೈದ್ಯ ಆಂಬ್ರಾಸ್ ತಾರ್ದ್ಯೂ ಹಿಂಸೆಗೊಳಗಾದ ಮಕ್ಕಳ ಗಾಯಗಳನ್ನು ವರ್ಣಿಸಿದ್ದರೂ ಆ ಬರಹ ಮರೆವಿಗೆ ಸಂದಿತ್ತು. ಆಧಾರವಿಲ್ಲದೆ ಆರೋಪ ಹೊರಿಸಿದರೆ ನಿರಪರಾಧಿಗಳ ಬಾಳು ಹಾಳಾಗುತ್ತದೆ. ಸುಮ್ಮನಿದ್ದರೆ ಮಗು ಅದೇ ಮನೆಗೆ ಮರಳುತ್ತದೆ. ಈ ಇಕ್ಕಟ್ಟು ಕ್ಯಾಫಿ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಚಿತ್ರ ಹೇಳುವ ಕಥೆ

ಶಿಶುವಿನ ಮುರಿತ ವಯಸ್ಕರ ಮುರಿತದಂತಲ್ಲ. ಕೂಸಿನ ಎಲುಬಿನ ಹೊರಪೊರೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಕೈಯನ್ನೋ ಕಾಲನ್ನೋ ಹಿಡಿದು ಜಗ್ಗಿದಾಗ, ತಿರುಚಿದಾಗ ಆ ಪೊರೆ ಎಲುಬಿನಿಂದ ಕಿತ್ತು ಬರುತ್ತದೆ. ಕೆಳಗೆ ರಕ್ತ ತುಂಬಿಕೊಳ್ಳುತ್ತದೆ. ಅಂದು ತೆಗೆದ ಚಿತ್ರದಲ್ಲಿ ಏನೂ ಕಾಣದಿರಬಹುದು. ಒಂದೆರಡು ವಾರ ಕಳೆದ ಮೇಲೆ ಪೊರೆಯ ಕೆಳಗೆ ಹೊಸ ಮೂಳೆ ಬಿಳಿಯ ಗೆರೆಯಾಗಿ ಮೂಡುತ್ತದೆ. ಎಲುಬು ಬೆಳೆಯುವ ತುದಿಯ ಅಂಚಿನಲ್ಲಿ ಪುಟ್ಟ ಚೂರೊಂದು ಸೀಳಿ ನಿಂತಿರುವುದೂ ಉಂಟು. ನಡೆಯಲು ಕಲಿಯದ ಕೂಸು ಮಂಚದಿಂದ ಉರುಳಿದರೆ ಇಂಥ ಮುರಿತ ಸಾಮಾನ್ಯವಾಗಿ ಆಗುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ಮುರಿತಗಳ ವಯಸ್ಸು. ಒಂದು ಮುರಿತ ಹೊಸದು, ಇನ್ನೊಂದು ಕೂಡಿಕೊಳ್ಳುತ್ತಿರುವುದು, ಮತ್ತೊಂದು ಕೂಡಿ ಹಳತಾದದ್ದು. ಒಂದೇ ದಿನದ ಒಂದೇ ಅಪಘಾತ ಇದನ್ನು ವಿವರಿಸಲಾರದು. ಹಿರಿಯರ ಹೇಳಿಕೆಗೂ ಎಲುಬಿನ ಹೇಳಿಕೆಗೂ ತಾಳೆಯಾಗದಿದ್ದಾಗ ವೈದ್ಯ ಯಾವುದನ್ನು ನಂಬಬೇಕೆಂಬ ಪ್ರಶ್ನೆ ಅಲ್ಲಿ ಏಳುತ್ತದೆ.

ಗುರುವಿನ ಕೆಲಸವನ್ನು ಶಿಷ್ಯ ಮುಂದುವರಿಸಿದರು. 1953ರಲ್ಲಿ ಸಿಲ್ವರ್‌ಮನ್ ಇಂಥ ಮುರಿತಗಳ ಕಾರಣ ಗಾಯವೇ ಎಂದು ಸ್ಪಷ್ಟವಾಗಿ ಬರೆದರು. ಮನೆಯವರನ್ನು ತಾಳ್ಮೆಯಿಂದ ಮತ್ತೆ ಮತ್ತೆ ವಿಚಾರಿಸಿದರೆ ಮರೆತ ಅಥವಾ ಮರೆಮಾಚಿದ ಘಟನೆ ಹೊರಬರುತ್ತದೆಂದು ತೋರಿಸಿದರು. ಕ್ಯಾಫಿ ಅವರೂ ಕ್ರಮೇಣ ಮೌನ ಮುರಿದರು. 1957ರಲ್ಲಿ ಬ್ರಿಟನ್ನಿನ ಕ್ಷ-ಕಿರಣ ಶಾಸ್ತ್ರದ ನಿಯತಕಾಲಿಕದಲ್ಲಿ ಪ್ರಕಟವಾದ ತಮ್ಮ ಉಪನ್ಯಾಸದಲ್ಲಿ, ಗಾಯವನ್ನು ಬೇಗ ಗುರುತಿಸುವುದೊಂದೇ ಅನೇಕ ಮಕ್ಕಳನ್ನು ಹಿಂಸೆಯ ವಾತಾವರಣದಿಂದ ಪಾರುಮಾಡುವ ದಾರಿಯಾಗಬಹುದೆಂದು ಹೇಳಿದರು.

ಕೊನೆಗೆ ಇಡೀ ದೇಶವನ್ನು ಬೆಚ್ಚಿಬೀಳಿಸಿದ ಲೇಖನ ಬಂದದ್ದು 1962ರ ಜುಲೈನಲ್ಲಿ. ಕೊಲರಾಡೊದ ಮಕ್ಕಳ ತಜ್ಞ ಹೆನ್ರಿ ಕೆಂಪ್ ಅದರ ಮೊದಲ ಲೇಖಕರು. ಸಿಲ್ವರ್‌ಮನ್ ಸಹಲೇಖಕರಲ್ಲಿ ಒಬ್ಬರು. ಅವರು ವಿಚಾರಿಸಿದ 71 ಆಸ್ಪತ್ರೆಗಳಲ್ಲಿ ಒಂದು ವರ್ಷದಲ್ಲಿ 302 ಪ್ರಕರಣಗಳು ವರದಿಯಾಗಿದ್ದವು. ಅವರಲ್ಲಿ 33 ಮಕ್ಕಳು ಅಸುನೀಗಿದ್ದರು; 85 ಮಕ್ಕಳ ಮೆದುಳಿಗೆ ಶಾಶ್ವತ ಹಾನಿಯಾಗಿತ್ತು. 1967ರ ವೇಳೆಗೆ, ಇಂಥ ಶಂಕೆ ಬಂದಾಗ ಅಧಿಕಾರಿಗಳಿಗೆ ವರದಿ ಮಾಡುವ ಕುರಿತ ಕಾನೂನು ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಜಾರಿಗೆ ಬಂದಿತು. ಆರು ಕೂಸುಗಳ ಎಕ್ಸ್-ರೇಗಳಿಂದ ಹೊರಟ ಹಾದಿ ಇಪ್ಪತ್ತೊಂದು ವರ್ಷಗಳಲ್ಲಿ ಶಾಸನಸಭೆಗಳನ್ನು ಮುಟ್ಟಿತ್ತು.

ಇಳಿವಯಸ್ಸಿನ ದುಡಿಮೆ, ಉಳಿದ ವಿವಾದ

1958ರಲ್ಲಿ ಮಕ್ಕಳ ಕ್ಷ-ಕಿರಣ ತಜ್ಞರ ಸಂಘ ಅಮೆರಿಕದಲ್ಲಿ ಸ್ಥಾಪನೆಗೊಂಡಾಗ ಆ ಕ್ಷೇತ್ರದ ಅನೇಕ ಪ್ರಮುಖರು ಕ್ಯಾಫಿ ಅವರ ಶಿಷ್ಯರೇ ಆಗಿದ್ದರು. ಕೊಲಂಬಿಯಾದಿಂದ ನಿವೃತ್ತರಾದ ಮೇಲೆ 1963ರಲ್ಲಿ ಅವರು ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಗೆ ತೆರಳಿದರು. ಅಲ್ಲಿ ಕ್ಷ-ಕಿರಣ ವಿಭಾಗವನ್ನು ನಡೆಸುತ್ತಿದ್ದವರು ಅವರ ಶಿಷ್ಯ ಬರ್ಟ್ರಮ್ ಗಿರ್ಡನಿ. ಶಿಷ್ಯನ ವಿಭಾಗದಲ್ಲಿ ಗುರು ದುಡಿಯಲು ಅವರಿಗೆ ಸಂಕೋಚವೆನಿಸಲಿಲ್ಲ.

ಎಪ್ಪತ್ತು ದಾಟಿದ ಮೇಲೂ ಲೇಖನಿ ನಿಲ್ಲಲಿಲ್ಲ. 1972 ಮತ್ತು 1974ರ ಲೇಖನಗಳಲ್ಲಿ ಅವರು ಶಿಶುಗಳನ್ನು ಹಿಡಿದು ಜೋರಾಗಿ ಅಲುಗಾಡಿಸುವುದರ ಅಪಾಯವನ್ನು ವಿವರಿಸಿದರು. ಕೂಸಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕುತ್ತಿಗೆಯ ಸ್ನಾಯು ದುರ್ಬಲ, ಮೆದುಳು ಮೃದು. ಅಲುಗಾಟದ ರಭಸಕ್ಕೆ ಮೆದುಳಿನ ಮೇಲಣ ರಕ್ತನಾಳಗಳು ಹರಿಯುತ್ತವೆ, ಕಣ್ಣಿನೊಳಗೂ ರಕ್ತ ಒಸರುತ್ತದೆ. ಮೈಮೇಲೆ ಗಾಯದ ಗುರುತೇ ಇರದಿರಬಹುದು. ಬ್ರಿಟನ್ನಿನ ನರಶಸ್ತ್ರವೈದ್ಯ ನಾರ್ಮನ್ ಗುಥ್‌ಕೆಲ್ಚ್ 1971ರಲ್ಲಿ ಇದೇ ಬಗೆಯ ವಿಚಾರವನ್ನು ಮಂಡಿಸಿದ್ದರು. ಕೂಸನ್ನು ಅಲುಗಾಡಿಸಬೇಡಿ ಎಂಬ ತಿಳಿವಳಿಕೆ ಜಗತ್ತಿನಾದ್ಯಂತ ಹೆತ್ತವರಿಗೆ ತಲುಪಿದ್ದು ಈ ಬರಹಗಳ ಫಲ.

ಆದರೆ ಕಾಲಾನಂತರದಲ್ಲಿ ಈ ವಿಚಾರ ನ್ಯಾಯಾಲಯಗಳಲ್ಲಿ ತೀವ್ರ ವಿವಾದಕ್ಕೆ ಒಳಗಾಯಿತು. ತಲೆಯೊಳಗಿನ ಮತ್ತು ಕಣ್ಣೊಳಗಿನ ರಕ್ತಸ್ರಾವವನ್ನಷ್ಟೇ ನೋಡಿ ಅಪರಾಧವನ್ನು ನಿರ್ಧರಿಸಬಹುದೇ ಎಂಬ ಪ್ರಶ್ನೆ ಎದ್ದಿತು. ಕೆಲವರ ಶಿಕ್ಷೆಗಳು ರದ್ದಾದವು. ಸ್ವತಃ ಗುಥ್‌ಕೆಲ್ಚ್ ತಮ್ಮ ಮುಪ್ಪಿನಲ್ಲಿ, ಆಧಾರಗಳನ್ನು ಮರುಪರಿಶೀಲಿಸಬೇಕೆಂದು ಒತ್ತಾಯಿಸಿದರು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2009ರಲ್ಲಿ ಅಲುಗಾಟವೊಂದನ್ನೇ ಹೇಳುವ ಹೆಸರನ್ನು ಕೈಬಿಟ್ಟು, ಹಿಂಸೆಯಿಂದಾದ ತಲೆಯ ಗಾಯ ಎಂಬರ್ಥದ ವಿಶಾಲವಾದ ಹೆಸರನ್ನು ಶಿಫಾರಸು ಮಾಡಿತು. ಇಂಥ ಹಿಂಸೆ ನಡೆಯುತ್ತದೆ ಎಂಬುದರಲ್ಲಿ ಆ ಅಕಾಡೆಮಿಗೆ ಸಂದೇಹವಿಲ್ಲ. ಒಂದು ನಿರ್ದಿಷ್ಟ ಮಗುವಿಗೆ ಅದೇ ನಡೆಯಿತೇ ಎಂಬುದನ್ನು ಮಾತ್ರ ಪ್ರತಿ ಬಾರಿಯೂ ಹೊಸದಾಗಿ ಪರೀಕ್ಷಿಸಬೇಕಾಗುತ್ತದೆ. ಹುಟ್ಟಿನಿಂದಲೇ ಎಲುಬು ಪೆಡಸಾಗಿರುವ ರೋಗವಿದೆಯೇ, ರಕ್ತ ಹೆಪ್ಪುಗಟ್ಟುವಲ್ಲಿ ದೋಷವಿದೆಯೇ ಎಂದು ವೈದ್ಯರು ನೋಡಲೇಬೇಕು. ಕ್ಯಾಫಿ ಅವರ ಹೆಸರನ್ನೇ ಹೊತ್ತ ಕಾಯಿಲೆಯೂ ಎಲುಬಿನ ಮೇಲೆ ಹೊಸ ಪದರ ಮೂಡಿಸಿ, ಪೆಟ್ಟಿನ ಗುರುತಿನಂತೆ ಕಂಡು ದಾರಿ ತಪ್ಪಿಸಬಲ್ಲದು!

ಈ ವಿವಾದಕ್ಕೂ ಥೈಮಸ್ ಪ್ರಕರಣಕ್ಕೂ ಇರುವ ನಂಟನ್ನು ಮರೆಯುವಂತಿಲ್ಲ. ಅಲ್ಲಿ ಸಹಜವಾದ ನೆರಳನ್ನು ರೋಗವೆಂದು ಓದಿದ್ದರಿಂದ ಮಕ್ಕಳಿಗೆ ಕೇಡಾಯಿತು. ಆರು ಶಿಶುಗಳ ವಿಷಯದಲ್ಲಿ, ಕ್ಯಾಫಿ ಕೂಡಿಸಿ ನೋಡುವವರೆಗೆ, ಎದುರಿಗಿದ್ದ ಗಾಯವನ್ನು ಗಾಯವೆಂದು ಓದುವವರಿರಲಿಲ್ಲ. ಕಾಣದಿರುವುದೂ ತಪ್ಪು, ಇಲ್ಲದ್ದನ್ನು ಕಾಣುವುದೂ ತಪ್ಪು. ಎರಡರ ಬೆಲೆಯನ್ನೂ ತೆರುವುದು ಮಗು ಮತ್ತು ಅದರ ಮನೆ.

ಡಾ. ಜಾನ್ ಕ್ಯಾಫಿ 1978ರ ಸೆಪ್ಟೆಂಬರ್ 2ರಂದು ಪಿಟ್ಸ್‌ಬರ್ಗ್‌ನಲ್ಲಿ ನಿಧನರಾದರು. ಅವರಿಗೆ 83 ವರ್ಷ ವಯಸ್ಸಾಗಿತ್ತು. ಅವರ ಕಾಲದ ಎಕ್ಸ್-ರೇ ಯಂತ್ರಗಳ ಜಾಗದಲ್ಲಿ ಇಂದು ಡಿಜಿಟಲ್ ಯಂತ್ರಗಳು ಬಂದಿವೆ, ಸಿ.ಟಿ., ಎಂ.ಆರ್.ಐ., ಅಲ್ಟ್ರಾಸೌಂಡ್‌ಗಳು ಜೊತೆಗೂಡಿವೆ. ಆದರೂ ಶಂಕೆಯಿರುವ ಶಿಶುವಿನ ತಲೆಯಿಂದ ಪಾದದವರೆಗಿನ ಎಲುಬುಗಳ ಎಕ್ಸ್-ರೇ ತೆಗೆಯುವ, ಸುಮಾರು ಎರಡು ವಾರಗಳ ನಂತರ ಅದನ್ನು ಮತ್ತೊಮ್ಮೆ ಪರಿಶೀಲಿಸುವ ಕ್ರಮ ಇನ್ನೂ ಉಳಿದಿದೆ. ಮೊದಲ ದಿನ ಅಡಗಿದ್ದ ಮುರಿತ ಆ ಎರಡನೆಯ ಚಿತ್ರದಲ್ಲಿ ಬಿಳಿಯ ಗೆರೆಯಾಗಿ ಕಾಣಿಸಿಕೊಳ್ಳಬಹುದು. ಆ ಗೆರೆ ಕಂಡಾಗ, ಅದನ್ನು ಹೆಸರಿಸುವ ಮೊದಲು ಬೇರೆಲ್ಲ ಕಾರಣಗಳನ್ನೂ ತೂಗಿ ನೋಡಿ, ತೂಗಿದ ಮೇಲೆ ಸುಮ್ಮನಿರದೆ ಹೇಳಬೇಕೆಂಬುದು ಕ್ಯಾಫಿ ಬಿಟ್ಟುಹೋದ ಪಾಠ.